ಹಳೆಯ ಬೈಕಿನ ಕೀಲಿಯ ಹಿಂದಿರುವ ವೈರುಗಳು: ಕತ್ತರಿಸುವ ಮೊದಲು ತಿಳಿದಿರಬೇಕಾದದ್ದು

ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಹಳೆಯ ಜಾವಾ ಬೈಕಿನಲ್ಲಿ ಕೀಲಿಯ ಹಿಂದಿನ ಮುಖ್ಯ ವೈರು ತುಂಡಾದರೆ ಎಷ್ಟು ಕಿಕ್ ಹೊಡೆದರೂ ಎಂಜಿನ್ ಚಾಲೂ ಆಗುವುದಿಲ್ಲ. 1990ರ ದಶಕದ ಹೀರೋ ಹೋಂಡಾ ಸ್ಪ್ಲೆಂಡರ್‌ನಲ್ಲಿ ಕೀಲಿಯ ಹಿಂದಿನ ಒಂದು ನಿರ್ದಿಷ್ಟ ವೈರು ತುಂಡಾದರೆ ಆಗುವುದು ಇದಕ್ಕೆ ತದ್ವಿರುದ್ಧ: ಕೀಲಿ ತಿರುಗಿಸಿ ಹೊರಗೆ ತೆಗೆದುಕೊಂಡರೂ ಎಂಜಿನ್ ಆರುವುದಿಲ್ಲ. ಎರಡೂ ಕಡೆ ಕೆಟ್ಟಿದ್ದು ಒಂದೇ ಜಾಗದ ವೈರು, ಆದರೆ ಪರಿಣಾಮ ಮಾತ್ರ ಬೇರೆ. ಈ ವ್ಯತ್ಯಾಸ ಏಕೆಂದು ಅರ್ಥವಾಗದೆ ಹಳೆಯ ಬೈಕಿನ ಇಗ್ನಿಷನ್ ಸ್ವಿಚ್ಚಿಗೆ, ಅಂದರೆ ಕೀಲಿ ಹಾಕುವ ಲಾಕಿಗೆ, ಹೊಸ ವೈರು ಹಾಕಲು ಹೊರಟರೆ ಒಳ್ಳೆಯ ಸ್ಥಿತಿಯಲ್ಲಿರುವ ಬಿಡಿಭಾಗವನ್ನೂ ಸುಟ್ಟುಕೊಳ್ಳುವ ಸಾಧ್ಯತೆ ಇದೆ.

ಅಪ್ಪನ ಕಾಲದ ಬೈಕನ್ನು ಕೊಟ್ಟಿಗೆಯಿಂದ ಹೊರಗೆ ತೆಗೆದು ಮತ್ತೆ ರಸ್ತೆಗೆ ಇಳಿಸುವವರಿಗೂ, 15 ವರ್ಷ ತುಂಬಿದ ಬೈಕಿನ ನೋಂದಣಿಯನ್ನು ಮುಂದಿನ 5 ವರ್ಷಕ್ಕೆ ನವೀಕರಿಸಲು ಸಾರಿಗೆ ಕಚೇರಿಯ ತಪಾಸಣೆಗೆ ಒಯ್ಯುವವರಿಗೂ ಈ ವಿಷಯ ಒಂದಲ್ಲ ಒಂದು ದಿನ ಎದುರಾಗುತ್ತದೆ. ದೀಪ, ಹಾರ್ನ್, ಇಂಡಿಕೇಟರ್ ಎಲ್ಲವೂ ಕೆಲಸ ಮಾಡಬೇಕಾದ ಆ ದಿನವೇ ಕೀಲಿಯ ಬುಡದ ವೈರುಗಳು ಕೈಕೊಡುವುದು ಅಪರೂಪವೇನಲ್ಲ.

ಲಾಕಿನ ಒಳಗೆ ಏನಿದೆ

ಮನೆಗೆ ಮೇನ್ ಸ್ವಿಚ್ ಹೇಗೋ ಬೈಕಿಗೆ ಇಗ್ನಿಷನ್ ಸ್ವಿಚ್ ಹಾಗೆ. ಕೀಲಿ ತಿರುಗುವ ಲೋಹದ ಭಾಗ ಮೇಲಿರುತ್ತದೆ. ಅದರ ತಳದಲ್ಲಿ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ, ಆ ಬಿಲ್ಲೆಯಲ್ಲಿ ಹಿತ್ತಾಳೆಯ ಅಥವಾ ತಾಮ್ರದ ಸಣ್ಣ ಬೊಟ್ಟುಗಳು, ಅವುಗಳ ಮೇಲೆ ಸ್ಪ್ರಿಂಗಿನ ಒತ್ತಡದಲ್ಲಿ ಉಜ್ಜಿಕೊಂಡು ಸರಿಯುವ ಒಂದು ಲೋಹದ ತಗಡು ಇರುತ್ತವೆ. ಕೀಲಿ ತಿರುಗಿಸಿದಾಗ ಆ ತಗಡು ಸರಿದು ಕೆಲವು ಬೊಟ್ಟುಗಳನ್ನು ಒಂದಕ್ಕೊಂದು ಸೇರಿಸುತ್ತದೆ, ಕೆಲವನ್ನು ಬೇರ್ಪಡಿಸುತ್ತದೆ. ಪ್ರತಿಯೊಂದು ಬೊಟ್ಟಿನ ಬೆನ್ನಿಗೂ ಒಂದೊಂದು ವೈರನ್ನು ಬೆಸುಗೆ ಹಾಕಿರುತ್ತಾರೆ. ಲಾಕ್ ಎಂದರೆ ಇಷ್ಟೇ.

ವಿದ್ಯುತ್ತು ಬ್ಯಾಟರಿಯಿಂದ ಹೊರಟು ದೀಪವನ್ನೋ ಕಿಡಿ ಹುಟ್ಟಿಸುವ ಕಾಯಿಲನ್ನೋ (ತಂತಿಯ ಸುರುಳಿ) ಹಾದು ಮತ್ತೆ ಬ್ಯಾಟರಿಗೆ ಮರಳಿದರೆ ಮಾತ್ರ ಕೆಲಸ ನಡೆಯುತ್ತದೆ. ಬೈಕಿನಲ್ಲಿ ಹೋಗುವ ದಾರಿಗೆ ವೈರು ಇರುತ್ತದೆ. ಬರುವ ದಾರಿಗೆ ಹೆಚ್ಚಾಗಿ ಬೈಕಿನ ಚಾಸಿಯೇ, ಅಂದರೆ ಕಬ್ಬಿಣದ ಚೌಕಟ್ಟೇ ಸಾಕು. ಹೀಗೆ ಚೌಕಟ್ಟನ್ನು ದಾರಿಯಾಗಿ ಬಳಸುವುದನ್ನು ಗ್ಯಾರೇಜಿನವರು ಅರ್ತ್ ಅಥವಾ ಅರ್ತಿಂಗ್ ಎನ್ನುತ್ತಾರೆ. ನಮ್ಮಲ್ಲಿ ಓಡುವ ಬಹುಪಾಲು ಬೈಕುಗಳಲ್ಲಿ ಬ್ಯಾಟರಿಯ ಮೈನಸ್ ತುದಿ ಚೌಕಟ್ಟಿಗೆ ಸೇರಿರುತ್ತದೆ. ಹಳೆಯ ಬ್ರಿಟಿಷ್ ಬೈಕುಗಳಲ್ಲಿ ಪ್ಲಸ್ ತುದಿಯೇ ಚೌಕಟ್ಟಿಗೆ ಸೇರಿರುವುದುಂಟು. ಆದ್ದರಿಂದ ಅಂಥ ಬೈಕು ಕೈಗೆ ಬಂದಾಗ ಮೊದಲು ಇದನ್ನು ಕಣ್ಣಾರೆ ನೋಡಿಕೊಳ್ಳಬೇಕು.

ತೂಬು ಎತ್ತುವುದು, ಮಡೆ ಕಟ್ಟುವುದು

ಪೆಟ್ರೋಲ್ ಎಂಜಿನ್ ಓಡಲು ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಆ ಕಿಡಿಗೆ ಬೇಕಾದ ವಿದ್ಯುತ್ತು ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ಹಳೆಯ ಬೈಕುಗಳನ್ನು ಎರಡು ಗುಂಪು ಮಾಡಬಹುದು.

ಮೊದಲನೆಯ ಗುಂಪು ಬ್ಯಾಟರಿಯನ್ನು ನಂಬಿರುವಂಥದ್ದು. 1961ರಿಂದ ಮೈಸೂರಿನ ಐಡಿಯಲ್ ಜಾವಾ ತಯಾರಿಸಿದ ಜಾವಾ, ಅದೇ ಕಾರ್ಖಾನೆಯಿಂದ ಆಮೇಲೆ ಬಂದ ಯೆಜ್ಡಿ, ಪಾಯಿಂಟ್ ಇರುವ ಹಳೆಯ ಬುಲೆಟ್ ಈ ಗುಂಪಿಗೆ ಸೇರಿದವು. ಇವುಗಳಲ್ಲಿ ಬ್ಯಾಟರಿಯ ವಿದ್ಯುತ್ತು ಲಾಕಿನ ಮೂಲಕ ಇಗ್ನಿಷನ್ ಕಾಯಿಲಿಗೆ ಹೋಗುತ್ತದೆ. ಪ್ಲಾಟಿನಂ ಪಾಯಿಂಟ್ ಎಂದು ಕರೆಯುವ ಸಣ್ಣ ಸ್ವಿಚ್ಚು ಎಂಜಿನ್ ತಿರುಗಿದಂತೆ ಆ ಪ್ರವಾಹವನ್ನು ಕಡಿದಾಗಲೆಲ್ಲ ಕಾಯಿಲಿನಿಂದ ಕಿಡಿ ಹೊರಡುತ್ತದೆ. ಇದನ್ನು ಕೆರೆಯ ತೂಬಿಗೆ ಹೋಲಿಸಬಹುದು. ತೂಬು ಎತ್ತಿದರೆ ನೀರು ಕಾಲುವೆಗೆ ಇಳಿದು ಗದ್ದೆಗೆ ಹರಿಯುತ್ತದೆ, ಇಳಿಸಿದರೆ ನಿಲ್ಲುತ್ತದೆ. ಕೀಲಿ ಆನ್ ಮಾಡುವುದೆಂದರೆ ತೂಬು ಎತ್ತಿದಂತೆ, ಅಂದರೆ ಎರಡು ವೈರುಗಳನ್ನು ಸೇರಿಸಿದಂತೆ.

ಎರಡನೆಯ ಗುಂಪು ಮ್ಯಾಗ್ನೆಟ್ಟನ್ನು ನಂಬಿರುವಂಥದ್ದು. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಮತ್ತು 1994ರಲ್ಲಿ ಬಂದ ಸ್ಪ್ಲೆಂಡರ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆಗಳು. ಕಿಕ್ ಹೊಡೆದಾಗ ಮ್ಯಾಗ್ನೆಟ್ ತಿರುಗಿ ಅದರೊಳಗಿನ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ, ಅದು ಸಿಡಿಐ ಎಂಬ ಪೆಟ್ಟಿಗೆಯಲ್ಲಿ ಶೇಖರವಾಗಿ ಸರಿಯಾದ ಕ್ಷಣಕ್ಕೆ ಕಾಯಿಲಿಗೆ ನುಗ್ಗುತ್ತದೆ. ಬ್ಯಾಟರಿ ಸತ್ತಿದ್ದರೂ ಇಂಥ ಬೈಕು ಕಿಕ್ಕಿಗೆ ಚಾಲೂ ಆಗುವುದು ಇದೇ ಕಾರಣಕ್ಕೆ. ಇಲ್ಲಿ ತೂಬಿನ ಲೆಕ್ಕ ನಡೆಯುವುದಿಲ್ಲ, ಏಕೆಂದರೆ ಎಂಜಿನ್ ತಿರುಗುವಷ್ಟು ಹೊತ್ತೂ ಕಾಲುವೆಯಲ್ಲಿ ನೀರು ಹರಿಯುತ್ತಲೇ ಇರುತ್ತದೆ. ಅದನ್ನು ನಿಲ್ಲಿಸಬೇಕಾದರೆ ಕಾಲುವೆಯ ಏರಿಯಲ್ಲಿ ಮಡೆ ಕಡಿದು ನೀರನ್ನು ಹಳ್ಳಕ್ಕೆ ಬಿಡಬೇಕು; ಗದ್ದೆಗೆ ಬೇಕೆಂದರೆ ಮಡೆ ಕಟ್ಟಬೇಕು. ಮ್ಯಾಗ್ನೆಟ್ ಬೈಕಿನ ಲಾಕ್ ಮಾಡುವುದು ಇದನ್ನೇ. ಕೀಲಿ ಆಫ್ ಆದಾಗ ಅದು ಸಿಡಿಐನಿಂದ ಬಂದ ಒಂದು ವೈರನ್ನು ಅರ್ತ್‌ಗೆ ಸೇರಿಸಿ ಆ ವಿದ್ಯುತ್ತನ್ನು ಚೌಕಟ್ಟಿಗೆ ಹರಿಯಬಿಡುತ್ತದೆ. ಆನ್ ಆದಾಗ ಆ ಸಂಪರ್ಕವನ್ನು ಬಿಡಿಸುತ್ತದೆ. ಈ ವೈರನ್ನು ಮುಂದೆ ಆಫ್ ವೈರು ಎಂದು ಕರೆಯೋಣ.

ಈಗ ಮೊದಲಿನ ಒಗಟು ಬಿಡಿಸಿಕೊಳ್ಳುತ್ತದೆ. ಜಾವಾದಲ್ಲಿ ವೈರು ತುಂಡಾದರೆ ತೂಬಿನ ಕೆಳಗಿನ ಕಾಲುವೆಯೇ ಇಲ್ಲದಂತಾಯಿತು, ಆದ್ದರಿಂದ ಎಂಜಿನ್ ಏಳುವುದಿಲ್ಲ. ಸ್ಪ್ಲೆಂಡರ್‌ನಲ್ಲಿ ಆಫ್ ವೈರು ತುಂಡಾದರೆ ಮಡೆ ಶಾಶ್ವತವಾಗಿ ಕಟ್ಟಿಹೋದಂತೆ, ಆದ್ದರಿಂದ ಎಂಜಿನ್ ನಿಲ್ಲುವುದಿಲ್ಲ. ಇನ್ನೊಂದು ಲಕ್ಷಣವನ್ನೂ ಇದರ ಜೊತೆಗೇ ಅರಿತುಕೊಳ್ಳಬಹುದು. ಹ್ಯಾಂಡಲ್ ಒಂದು ಬದಿಗೆ ತಿರುಗಿಸಿದಾಗ ಎಂಜಿನ್ ಆರಿಹೋಗುವ ದೂರು ಎರಡೂ ಗುಂಪಿನ ಬೈಕುಗಳಲ್ಲಿ ಕಾಣುತ್ತದೆ. ಮೊದಲನೆಯದರಲ್ಲಿ ಕಾರಣ ವೈರು ಒಳಗೇ ಮುರಿದಿರುವುದು, ಎರಡನೆಯದರಲ್ಲಿ ಆಫ್ ವೈರಿನ ಮೈ ಸವೆದು ತಾಮ್ರ ಚೌಕಟ್ಟಿಗೆ ತಾಗುತ್ತಿರುವುದು.

ಇವೆರಡರ ನಡುವೆ ಗೊಂದಲ ಮಾಡಿಕೊಂಡರೆ ಆಗುವ ದೊಡ್ಡ ಹಾನಿ ಎಂದರೆ, ಬ್ಯಾಟರಿಯ ಪ್ಲಸ್ ವೈರನ್ನು ತಪ್ಪಿ ಆಫ್ ವೈರಿಗೆ ಜೋಡಿಸುವುದು. ಅರ್ತ್‌ಗೆ ಮಾತ್ರ ಸೇರಬೇಕಾದ ದಾರಿಯಲ್ಲಿ ಬ್ಯಾಟರಿಯ ವಿದ್ಯುತ್ತು ಹಿಮ್ಮುಖವಾಗಿ ನುಗ್ಗಿದರೆ ಸಿಡಿಐ ಪೆಟ್ಟಿಗೆ ಸುಟ್ಟುಹೋಗಬಹುದು. ಎಂಜಿನ್ ಓಡುತ್ತಿರುವಾಗ ಆಫ್ ವೈರಿನ ಬರಿಯ ತುದಿಯನ್ನು ಮುಟ್ಟಲೂಬಾರದು, ಏಕೆಂದರೆ ಅದರಲ್ಲಿ ನೂರಕ್ಕೂ ಹೆಚ್ಚು ವೋಲ್ಟ್ ಇರುತ್ತದೆ.

ವೈರು ಹಾಳಾಗುವುದು ಎಲ್ಲಿ

ತಾಮ್ರ ತಾನಾಗಿ ಸವೆಯುವುದಿಲ್ಲ. ಹ್ಯಾಂಡಲ್ ತಿರುಗಿದಷ್ಟು ಸಲವೂ ಲಾಕಿನ ವೈರುಗಳು ಚೌಕಟ್ಟಿನ ಕುತ್ತಿಗೆಯ ಬಳಿ ಮಡಿಸಿ ಬಿಡಿಸಿಕೊಳ್ಳುತ್ತವೆ. ಕಡ್ಡಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಕೊನೆಗೊಮ್ಮೆ ಮುರಿಯುವಂತೆ, ಒಳಗಿನ ಎಳೆಗಳು ಒಂದೊಂದಾಗಿ ಮುರಿಯುತ್ತವೆ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಮಾತ್ರ ನೆಟ್ಟಗೇ ಇರುವುದರಿಂದ ಕಣ್ಣಿಗೆ ಏನೂ ಕಾಣದು. ಜೊತೆಗೆ ವರ್ಷಗಟ್ಟಲೆ ಬಿಸಿಲು ಮತ್ತು ಎಂಜಿನ್ನಿನ ಕಾವಿಗೆ ಹೊದಿಕೆಯ ಮೆದುತನ ಹೋಗಿ ಅದು ಒಣಗಿದ ತೊಗಟೆಯಂತೆ ಬಿರಿಯುತ್ತದೆ. ಆ ಬಿರುಕಿನಿಂದ ಮಳೆಯ ನೀರು ಇಳಿದರೆ ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಹತ್ತಾರು ಮಳೆಗಾಲ ಕಂಡ ಬೈಕಿನ ವೈರನ್ನು ಕತ್ತರಿಸಿದರೆ ಹೊಳೆಯುವ ಕೆಂಪು ತಾಮ್ರದ ಬದಲು ಕಪ್ಪು ಅಥವಾ ಹಸಿರು ಪುಡಿ ಮೆತ್ತಿದ ಎಳೆಗಳು ಸಿಗುತ್ತವೆ. ಅಂಥ ಎಳೆಗೆ ಬೆಸುಗೆ ಹಿಡಿಯುವುದಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸುತ್ತಾ ಹೋಗಬೇಕು, ಸಿಗದಿದ್ದರೆ ಆ ಇಡೀ ವೈರನ್ನೇ ಬದಲಿಸಬೇಕು.

ಪ್ರೆಷರ್ ನೀರಿನಿಂದ ಬೈಕು ತೊಳೆಯುವಾಗ ಲಾಕಿನ ಕಿಂಡಿಗೆ ನೀರು ಹೊಡೆಯುವುದೂ ಒಳಗಿನ ಬೊಟ್ಟುಗಳಿಗೆ ಕಿಲುಬು ಹತ್ತಲು ದೊಡ್ಡ ಕಾರಣ.

ಸಣ್ಣ ತಡೆ ಮಾಡುವ ದೊಡ್ಡ ನಷ್ಟ

ಹಳೆಯ ಜಾವಾ, ಯೆಜ್ಡಿಗಳು ಬಹುತೇಕ 6 ವೋಲ್ಟಿನವು. ಅವುಗಳ ಹೆಡ್‌ಲೈಟ್ ಮಂಕಾಗಿದೆ ಎಂದು ದೂರುವವರಲ್ಲಿ ಎಷ್ಟೋ ಜನರ ಬೈಕಿನ ತೊಂದರೆ ಬಲ್ಬಿನಲ್ಲೂ ಇರುವುದಿಲ್ಲ, ಡೈನಮೋದಲ್ಲೂ ಇರುವುದಿಲ್ಲ, ಲಾಕಿನ ಬುಡದಲ್ಲಿರುತ್ತದೆ. ಇದನ್ನು ಒಂದು ಸರಳ ಲೆಕ್ಕದಿಂದ ನೋಡಬಹುದು. ವಿದ್ಯುತ್ತಿನ ಹರಿವಿಗೆ ವಸ್ತು ಒಡ್ಡುವ ತಡೆಯನ್ನು ಓಮ್‌ಗಳಲ್ಲಿ ಅಳೆಯುತ್ತಾರೆ. ಕಿಲುಬು ಹಿಡಿದ ಬೊಟ್ಟು ಮತ್ತು ಎಳೆ ಮುರಿದ ವೈರು ಸೇರಿ ಬರೀ 0.2 ಓಮ್ ತಡೆ ಒಡ್ಡಿದವು ಎಂದುಕೊಳ್ಳೋಣ. ಅದರ ಮೂಲಕ 5 ಆಂಪಿಯರ್ ಹರಿದರೆ ಅಲ್ಲಿಯೇ 1 ವೋಲ್ಟ್ ಕಳೆದುಹೋಗುತ್ತದೆ. 6ರಲ್ಲಿ 1 ಹೋದರೆ ಆರನೆಯ ಒಂದು ಪಾಲು ಹೋದಂತೆ. 12 ವೋಲ್ಟಿನ ಬೈಕಿನಲ್ಲಿ ಅಷ್ಟೇ ಬೆಳಕಿಗೆ ಅರ್ಧದಷ್ಟು ಆಂಪಿಯರ್ ಸಾಕಾಗುವುದರಿಂದ ಅದೇ ಕಿಲುಬು ಅರ್ಧ ವೋಲ್ಟ್ ಮಾತ್ರ ತಿನ್ನುತ್ತದೆ, ಅದು ಇಪ್ಪತ್ತನಾಲ್ಕನೆಯ ಒಂದು ಪಾಲು. ಹೀಗಾಗಿ 6 ವೋಲ್ಟಿನ ಬೈಕಿಗೆ ಅದೇ ದೋಷ ನಾಲ್ಕು ಪಟ್ಟು ಭಾರವಾಗುತ್ತದೆ.

ಕಳೆದುಹೋದ ವೋಲ್ಟ್ ಎಲ್ಲಿಗೆ ಹೋಯಿತೆಂದರೆ, ಶಾಖವಾಯಿತು. 5 ಆಂಪಿಯರಿಗೆ 1 ವೋಲ್ಟ್ ನಷ್ಟವೆಂದರೆ 5 ವ್ಯಾಟ್ ಶಾಖ, ಅದೂ ಕಡಲೆಕಾಳಿನಷ್ಟು ಜಾಗದಲ್ಲಿ. ಲಾಕಿನ ತಳದ ಪ್ಲಾಸ್ಟಿಕ್ ಬಿಲ್ಲೆ ಮೆತ್ತಗಾಗಿ, ಬೊಟ್ಟು ಒಳಗೆ ಕುಸಿದು, ಸಂಪರ್ಕ ಇನ್ನೂ ಸಡಿಲವಾಗಿ, ಶಾಖ ಇನ್ನೂ ಹೆಚ್ಚುತ್ತಾ ಹೋಗುತ್ತದೆ. ಕೀಲಿಯನ್ನು ಅಲ್ಲಾಡಿಸಿದರೆ ದೀಪ ಹತ್ತುವ ಬೈಕುಗಳು ಈ ಹಾದಿಯಲ್ಲಿರುವಂಥವು. ಬಿಲ್ಲೆಯೇ ಕರಗಿದ್ದರೆ ಹೊಸ ವೈರು ಹಾಕಿ ಪ್ರಯೋಜನವಿಲ್ಲ, ಲಾಕನ್ನೇ ಬದಲಿಸಬೇಕು.

ಆಫ್ ವೈರಿನ ವಿಷಯ ಬೇರೆ. ಅದರಲ್ಲಿ ಹರಿಯುವ ಪ್ರವಾಹ ಬಹಳ ಕಡಿಮೆ, ಆದರೆ ವೋಲ್ಟ್ ಹೆಚ್ಚು. ಆದ್ದರಿಂದ ಬ್ಯಾಟರಿಯ ವೈರಿಗೆ ದಪ್ಪ ಮುಖ್ಯವಾದರೆ, ಆಫ್ ವೈರಿಗೆ ಹೊದಿಕೆ ಮುಖ್ಯ.

ಬಣ್ಣ ಒಂದೇ, ಅರ್ಥ ಬೇರೆ

ಹೊಸ ಲಾಕ್ ಸೆಟ್ ತಂದಾಗ ಬಣ್ಣಕ್ಕೆ ಬಣ್ಣ ಜೋಡಿಸಿದರೆ ಮುಗಿಯಿತು ಎಂದು ಅನ್ನಿಸುವುದು ಸಹಜ. ಅದೇ ಬೈಕಿಗೆ ಮಾಡಿದ ಲಾಕ್ ಆಗಿದ್ದರೆ, ಹಳೆಯ ವೈರಿಂಗನ್ನು ಯಾರೂ ಮುಟ್ಟಿರದಿದ್ದರೆ, ಅದು ನಿಜ. ಆದರೆ ಬಣ್ಣಗಳ ಪದ್ಧತಿ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಹೋಂಡಾ ಪದ್ಧತಿಯಲ್ಲಿ ಕೆಂಪು ಬ್ಯಾಟರಿಯಿಂದ ಬರುವ ವೈರು, ಕಪ್ಪು ಕೀಲಿ ಆನ್ ಆದ ಮೇಲೆ ವಿದ್ಯುತ್ತು ಒಯ್ಯುವ ವೈರು, ಹಸಿರು ಅರ್ತ್, ಕಪ್ಪಿನ ಮೇಲೆ ಬಿಳಿ ಗೆರೆ ಇರುವುದು ಆಫ್ ವೈರು. ಯಮಹಾ ಪದ್ಧತಿಯಲ್ಲಿ ಕೆಂಪು ಬ್ಯಾಟರಿಯದೇ, ಆದರೆ ಆನ್ ಆದ ಮೇಲಿನದು ಕಂದು, ಅರ್ತ್ ಕಪ್ಪು. ಸುಜುಕಿ ಪದ್ಧತಿಯಲ್ಲಿ ಆನ್ ಆದ ಮೇಲಿನದು ಕಿತ್ತಳೆ, ಮತ್ತು ಕಪ್ಪಿನ ಮೇಲೆ ಬಿಳಿ ಗೆರೆ ಇರುವುದೇ ಅರ್ತ್.

ಇದರ ಪರಿಣಾಮವನ್ನು ಯೋಚಿಸಿ ನೋಡಿ. ಹೋಂಡಾ ಮಾದರಿಯ ಲಾಕೊಂದನ್ನು ಯಮಹಾ ಆರ್‌ಎಕ್ಸ್ 100 ಬೈಕಿಗೆ ಹೊಂದಿಸಿ, ಕಪ್ಪಿಗೆ ಕಪ್ಪು ಎಂದು ಜೋಡಿಸಿದರೆ, ಕೀಲಿ ತಿರುಗಿಸಿದ ಕ್ಷಣವೇ ಬ್ಯಾಟರಿಯ ಪ್ಲಸ್ ನೇರವಾಗಿ ಅರ್ತ್‌ಗೆ ಸೇರುತ್ತದೆ. ಫ್ಯೂಸ್ ಇದ್ದರೆ ಅದು ಸುಟ್ಟು ಬೈಕು ಉಳಿಯುತ್ತದೆ. ಹಿಂದೆ ಯಾರೋ ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ ಸುತ್ತಿಟ್ಟಿದ್ದರೆ ವೈರಿಂಗೇ ಹೊತ್ತಿಕೊಳ್ಳುತ್ತದೆ. ಜೆಕ್ ಮೂಲದ ಜಾವಾಗಳಲ್ಲಿ ಬಣ್ಣಕ್ಕಿಂತ ಟರ್ಮಿನಲ್ ಸಂಖ್ಯೆಗಳೇ, ಅಂದರೆ ವೈರು ಸೇರುವ ತುದಿಯ ಮೇಲಿನ ಸಂಖ್ಯೆಗಳೇ ಮುಖ್ಯ: ಯುರೋಪಿನ ಆ ರೂಢಿಯಲ್ಲಿ 30 ಎಂದರೆ ಬ್ಯಾಟರಿಯ ಪ್ಲಸ್, 15 ಎಂದರೆ ಕೀಲಿ ಆನ್ ಆದ ಮೇಲೆ ಇಗ್ನಿಷನ್‌ಗೆ ಹೋಗುವುದು, 31 ಎಂದರೆ ಅರ್ತ್.

ಕತ್ತರಿ ಹಿಡಿಯುವ ಮೊದಲು ನಕ್ಷೆ

ಕೆಲಸ ಶುರುಮಾಡುವಾಗ ಮೊದಲು ಬ್ಯಾಟರಿಯನ್ನು ಬಿಡಿಸಬೇಕು, ಅದರಲ್ಲೂ ಚೌಕಟ್ಟಿಗೆ ಸೇರಿದ ತುದಿಯನ್ನು ಮೊದಲು ಬಿಡಿಸಬೇಕು. ಇನ್ನೊಂದು ತುದಿಯನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಚೌಕಟ್ಟಿಗೆ ತಾಗಿದರೆ ಆ ಸ್ಪ್ಯಾನರೇ ವೈರಾಗಿ ಕಿಡಿ ಹಾರುತ್ತದೆ. ಬೆಸುಗೆಯ ಕಾವು ಇರುವ ಕೆಲಸವಾದ್ದರಿಂದ ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರ ಇಡುವುದನ್ನು ಬೇಸರವೆಂದು ಬಿಡಬಾರದು. ಟ್ಯಾಂಕ್ ತೆಗೆದರೆ ವೈರುಗಳು ಹಾದುಹೋಗುವ ದಾರಿಯೂ ಕಾಣುತ್ತದೆ.

ಆಮೇಲೆ ಲಾಕಿನ ವೈರುಗಳು ಮುಖ್ಯ ವೈರಿಂಗಿಗೆ ಸೇರುವ ಕಪ್ಲರನ್ನು ಬಿಡಿಸಿ, ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರನ್ನು ಓಮ್ ಅಳತೆಗೆ ಇಟ್ಟು, ಕೀಲಿಯ ಪ್ರತಿಯೊಂದು ಸ್ಥಾನದಲ್ಲೂ ಯಾವ ವೈರು ಯಾವುದಕ್ಕೆ ಸೇರುತ್ತದೆ ಎಂದು ಕಾಗದದ ಮೇಲೆ ಬರೆದುಕೊಳ್ಳಬೇಕು. ಆಫ್ ಇದ್ದಾಗ ಮಾತ್ರ ಸೇರುವ ಜೋಡಿ ಇದ್ದರೆ ಅದು ಮಡೆ, ಅಂದರೆ ಆಫ್ ವೈರು ಮತ್ತು ಅರ್ತ್. ಆನ್ ಇದ್ದಾಗ ಸೇರುವ ಜೋಡಿ ತೂಬು, ಅಂದರೆ ಬ್ಯಾಟರಿ ಮತ್ತು ಅದರ ಮುಂದಿನ ದಾರಿ. ಸಿಡಿ 100ರಂಥ ಬೈಕಿನ ಲಾಕಿನಲ್ಲಿ ಎರಡೂ ಜೋಡಿಗಳು ಒಂದೇ ಬಿಲ್ಲೆಯಲ್ಲಿರುತ್ತವೆ: ಇಂಡಿಕೇಟರ್, ಹಾರ್ನ್, ಬ್ರೇಕ್ ಲೈಟಿಗೆ ತೂಬು, ಎಂಜಿನ್ನಿಗೆ ಮಡೆ. ಹಳೆಯ ಲಾಕ್ ಪೂರ್ತಿ ಕೆಟ್ಟು ಯಾವ ಉತ್ತರವನ್ನೂ ಕೊಡದಿದ್ದರೆ ಹೊಸ ಲಾಕಿನ ಮೇಲೆ ಇದೇ ಪರೀಕ್ಷೆ ಮಾಡಿ, ಬೈಕಿನ ಕಡೆಯ ಪ್ರತಿ ವೈರು ಎಲ್ಲಿಗೆ ಹೋಗುತ್ತದೆ ಎಂದು ಬೆನ್ನಟ್ಟಿ ನೋಡಬೇಕು. ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೇ.

ಎಂಥ ವೈರು, ಎಂಥ ಬೆಸುಗೆ

ಮನೆಯ ವೈರಿಂಗಿನಲ್ಲಿ ಉಳಿದ ತುಂಡನ್ನು ಬೈಕಿಗೆ ಬಳಸುವುದು ತಪ್ಪು. ಗೋಡೆಯೊಳಗಿನ ವೈರು ಅಲ್ಲಾಡುವುದಿಲ್ಲ, ಅದಕ್ಕೆ ಕೆಲವೇ ದಪ್ಪ ಎಳೆಗಳು ಸಾಕು. ಹ್ಯಾಂಡಲಿನ ಜೊತೆ ಬಳುಕಬೇಕಾದ ವೈರಿಗೆ ಕೂದಲಿನಷ್ಟು ಸಣ್ಣನೆಯ ಅನೇಕ ಎಳೆಗಳಿರಬೇಕು, ಹೊದಿಕೆ ಎಣ್ಣೆ ಮತ್ತು ಕಾವನ್ನು ತಡೆಯುವಂತಿರಬೇಕು. ವಾಹನಗಳಿಗೆಂದೇ ಮಾರುವ ಆಟೋ ವೈರು ಅಂಥದ್ದು. ಒಂದು ಮೀಟರ್ ಉದ್ದದ, 0.5 ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರಿನ ತಡೆ ಸುಮಾರು 0.035 ಓಮ್, ದಪ್ಪ 1.5ಕ್ಕೆ ಏರಿದರೆ ತಡೆ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. 6 ವೋಲ್ಟಿನ ಬೈಕಿನ ಬ್ಯಾಟರಿ ವೈರಿಗೆ 1.5, 12 ವೋಲ್ಟಿನದಕ್ಕೆ 1 ಚದರ ಮಿಲಿಮೀಟರ್ ವೈರು ನೆಮ್ಮದಿಯ ಆಯ್ಕೆ. ಆಫ್ ವೈರಿಗೆ 0.5 ಧಾರಾಳವಾಯಿತು.

ಬೆಸುಗೆಯ ಬಗ್ಗೆ ಒಂದು ಸೂಕ್ಷ್ಮ ಸಂಗತಿ ಇದೆ. ಕರಗಿದ ಸೀಸ ಎಳೆಗಳ ಒಳಗೆ ಹರಿದು ಆ ಭಾಗವನ್ನು ಕಡ್ಡಿಯಂತೆ ಗಟ್ಟಿ ಮಾಡುತ್ತದೆ. ಗಟ್ಟಿ ಭಾಗ ಮುಗಿದು ಮೆದು ಭಾಗ ಶುರುವಾಗುವ ಗೆರೆಯಲ್ಲಿ, ಬೈಕಿನ ನಡುಕಕ್ಕೆ ವೈರು ಮುರಿಯುತ್ತದೆ. ಆದ್ದರಿಂದ ಬಳುಕುವ ಜಾಗದಲ್ಲಿ, ಅಂದರೆ ಹ್ಯಾಂಡಲಿನ ಕುತ್ತಿಗೆಯಲ್ಲಿ, ಯಾವ ಜೋಡಣೆಯೂ ಇರಕೂಡದು. ಅಲ್ಲಿ ತುಂಡಿಲ್ಲದ ಒಂದೇ ವೈರು ಹಾದುಹೋಗಬೇಕು. ಜೋಡಣೆಗಳು ಹೆಡ್‌ಲೈಟಿನ ಡೋಮಿನ ಒಳಗೋ ಟ್ಯಾಂಕಿನ ಅಡಿಯಲ್ಲೋ ಅಲುಗಾಡದ ಕಡೆ ಇರಬೇಕು. ಲಾಕಿನ ಬಿಲ್ಲೆಗೆ ಮಾತ್ರ ಬೆಸುಗೆ ಅನಿವಾರ್ಯ. ಅಲ್ಲಿ ಬೊಟ್ಟನ್ನು ಉಜ್ಜಿ ಹೊಳಪು ಬರಿಸಿ, ವೈರಿನ ತುದಿಗೆ ಮೊದಲೇ ಸೀಸ ಸವರಿ, ಎರಡು ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಸಬೇಕು. ಹೆಚ್ಚು ಹೊತ್ತು ಕಾಯಿಸಿದರೆ ಪ್ಲಾಸ್ಟಿಕ್ ಕರಗಿ ಬೊಟ್ಟು ಜಾರುತ್ತದೆ. ಬಿಲ್ಲೆಯನ್ನು ಬಿಚ್ಚುವಾಗ ಒಳಗಿನ ಸಣ್ಣ ಸ್ಪ್ರಿಂಗ್ ಮತ್ತು ಗುಂಡು ಚಿಮ್ಮಿ ಕಾಣೆಯಾಗುತ್ತವೆ, ಆದ್ದರಿಂದ ಬಿಚ್ಚುವ ಕೆಲಸವನ್ನು ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಇಟ್ಟು ಮಾಡುವುದು ಒಳ್ಳೆಯದು. ಕಾವಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆಯನ್ನು ಬೆಸೆಯುವ ಮೊದಲೇ ವೈರಿಗೆ ಪೋಣಿಸಿಕೊಳ್ಳಬೇಕು, ಆಮೇಲೆ ಅದು ಒಳಗೆ ಹೋಗದು. ಇನ್ಸುಲೇಷನ್ ಟೇಪ್ ಬೇಸಿಗೆಯಲ್ಲಿ ಅಂಟಂಟಾಗಿ ಬಿಟ್ಟುಕೊಳ್ಳುವುದರಿಂದ ಅದನ್ನು ನಂಬಲಾಗದು.

ವೈರನ್ನು ಎಳೆಯುವಾಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಯಾವ ಕೊನೆಯಲ್ಲೂ ಬಿಗಿಯಾಗದಷ್ಟು ಸಡಿಲ ಬಿಡಬೇಕು. ಹ್ಯಾಂಡಲಿಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಸಿಕ್ಕಿ ಜಜ್ಜಿಹೋಗದಂತೆ, ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್‌ಗಳಿಗೆ ಉಜ್ಜದಂತೆ ದಾರಿ ಆರಿಸಬೇಕು. ಬ್ಯಾಟರಿಗೆ ಸಾಧ್ಯವಾದಷ್ಟು ಹತ್ತಿರ ಫ್ಯೂಸ್ ಇರಬೇಕು, ಏಕೆಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ತುಂಡಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಅದರ ಆಂಪಿಯರ್ ಕಂಪನಿ ಹೇಳಿದಷ್ಟೇ ಇರಲಿ. ಫ್ಯೂಸ್ ಮತ್ತೆ ಮತ್ತೆ ಸುಡುತ್ತಿದ್ದರೆ ದೊಡ್ಡ ಫ್ಯೂಸ್ ಹಾಕದೆ ವೈರು ಎಲ್ಲಿ ತಾಗುತ್ತಿದೆ ಎಂದು ಹುಡುಕಬೇಕು.

ಬೀಪ್ ಬಂದರೆ ಸಾಲದು

ಮಲ್ಟಿಮೀಟರಿನ ಬೀಪ್ ಪರೀಕ್ಷೆ ವೈರು ತುಂಡಾಗಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಒಂದೇ ಒಂದು ಎಳೆ ಉಳಿದಿದ್ದರೂ ಅದು ಬೀಪ್ ಎನ್ನುತ್ತದೆ. ನಿಜವಾದ ಪರೀಕ್ಷೆ ಭಾರ ಹೊತ್ತಾಗ, ಅಂದರೆ ವೈರಿನಲ್ಲಿ ವಿದ್ಯುತ್ತು ಹರಿಯುತ್ತಿರುವಾಗ, ಮಾಡುವುದು. ಬ್ಯಾಟರಿ ಇಗ್ನಿಷನ್ ಬೈಕಿನಲ್ಲಿ ಕೀಲಿ ಆನ್ ಮಾಡಿ, ಪಾಯಿಂಟ್ ಮುಚ್ಚಿರುವಂತೆ ಎಂಜಿನ್ ಇಟ್ಟು, ಮೀಟರನ್ನು ಡಿಸಿ ವೋಲ್ಟ್ ಅಳತೆಗೆ ತಿರುಗಿಸಿ, ಒಂದು ಮುಳ್ಳನ್ನು ಬ್ಯಾಟರಿಯ ಪ್ಲಸ್‌ಗೂ ಇನ್ನೊಂದನ್ನು ಕಾಯಿಲಿಗೆ ವಿದ್ಯುತ್ತು ಬರುವ ತುದಿಗೂ ಇಡಬೇಕು. ಅಲ್ಲಿ ಕಾಣುವ ಸಂಖ್ಯೆಯೇ ದಾರಿಯಲ್ಲಿ ಕಳೆದುಹೋಗುತ್ತಿರುವ ವೋಲ್ಟ್. ಅದು ಸೊನ್ನೆಗೆ ಹತ್ತಿರವಿರಬೇಕು. ಅರ್ಧ ವೋಲ್ಟ್ ದಾಟಿದರೆ ಲಾಕಿನ ಬೊಟ್ಟು, ಕಪ್ಲರ್, ಫ್ಯೂಸಿನ ಹಿಡಿಕೆ ಇವುಗಳಲ್ಲಿ ಒಂದೊಂದನ್ನೇ ಪ್ರತ್ಯೇಕವಾಗಿ ಅಳೆದು ಕಳ್ಳನನ್ನು ಹಿಡಿಯಬೇಕು. ಅಳತೆ ಮುಗಿದ ಕೂಡಲೇ ಕೀಲಿ ಆಫ್ ಮಾಡುವುದನ್ನು ಮರೆಯಬಾರದು, ಏಕೆಂದರೆ ಪಾಯಿಂಟ್ ಮುಚ್ಚಿರುವಾಗ ಎಂಜಿನ್ ನಿಂತಿದ್ದರೂ ಕಾಯಿಲಿನಲ್ಲಿ ಪ್ರವಾಹ ಹರಿಯುತ್ತಲೇ ಇದ್ದು ಕಾಯಿಲ್ ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ.

ಮ್ಯಾಗ್ನೆಟ್ ಬೈಕಿನಲ್ಲಿ ಪರೀಕ್ಷೆಯ ಕ್ರಮ ಬೇರೆ. ಕೀಲಿ ಆನ್ ಮಾಡಿ, ಎಂಜಿನ್ ಚಾಲೂ ಮಾಡುವ ಮೊದಲೇ, ಸಿಡಿಐ ಕಪ್ಲರನ್ನು ಬಿಡಿಸಿ ಲಾಕಿನ ಕಡೆಯ ಆಫ್ ವೈರಿಗೂ ಚೌಕಟ್ಟಿಗೂ ನಡುವೆ ಸಂಪರ್ಕ ಇಲ್ಲವೆಂದು, ಆ ವೈರಿನಲ್ಲಿ ಬ್ಯಾಟರಿಯ ವೋಲ್ಟ್ ಕಾಣುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹ್ಯಾಂಡಲನ್ನು ಎರಡೂ ಬದಿಗೆ ತಿರುಗಿಸುತ್ತಾ ಇದನ್ನೇ ಮತ್ತೊಮ್ಮೆ ನೋಡಬೇಕು. ಕೀಲಿ ಆಫ್ ಮಾಡಿದಾಗ ಅದೇ ವೈರು ಚೌಕಟ್ಟಿಗೆ ಸೇರಬೇಕು. ಇಷ್ಟಾದ ಮೇಲೆ ಕಪ್ಲರ್ ಹಾಕಿ ಎಂಜಿನ್ ಚಾಲೂ ಮಾಡಿ, ಮೊದಲು ನೋಡಬೇಕಾದದ್ದು ಅದು ಹೇಗೆ ಓಡುತ್ತದೆ ಎಂಬುದನ್ನಲ್ಲ, ಕೀಲಿ ತಿರುಗಿಸಿದಾಗ ನಿಲ್ಲುತ್ತದೆಯೇ ಎಂಬುದನ್ನು.

ಕೊನೆಗೆ ಎರಡೂ ಗುಂಪಿನ ಬೈಕುಗಳಿಗೆ ಒಂದೇ ಕೆಲಸ ಉಳಿಯುತ್ತದೆ. ದೀಪಗಳನ್ನೆಲ್ಲ ಹಚ್ಚಿ ಹತ್ತು ನಿಮಿಷ ಎಂಜಿನ್ ಓಡಿಸಿ, ಹ್ಯಾಂಡಲನ್ನು ಕೊನೆಯಿಂದ ಕೊನೆಗೆ ತಿರುಗಿಸುತ್ತಾ ಎಲ್ಲಾದರೂ ದೀಪ ಮಿಣುಕುತ್ತದೆಯೇ, ಎಂಜಿನ್ ತಡವರಿಸುತ್ತದೆಯೇ ಎಂದು ಗಮನಿಸಬೇಕು. ಎಂಜಿನ್ ಆರಿಸಿದ ಕೂಡಲೇ ಲಾಕಿನ ಬುಡವನ್ನೂ ಪ್ರತಿ ಜೋಡಣೆಯನ್ನೂ ಬೆರಳಿನಿಂದ ಮುಟ್ಟಿ ನೋಡಬೇಕು. ಬಿಸಿ ತಾಗಿದ ಜೋಡಣೆ ಯಾವುದೋ ಅದನ್ನು ಬಿಚ್ಚಿ ಮತ್ತೆ ಮಾಡಬೇಕು.